ಹಸಿರು ಹಣೆಪಟ್ಟಿ ಬೇರೆ, ಹಿಂಬದಿಯ ನಂಬರು ಬೇರೆ: ಶಿರಸಿಯಲ್ಲಿ ಕೂತು ಆನ್‌ಲೈನ್ ಖರೀದಿ

ಶಿರಸಿಯ 581401 ಪಿನ್‌ಕೋಡ್ ಹಾಕಿ ‘ಪರಿಸರಸ್ನೇಹಿ’ ಎಂದು ಹುಡುಕಿದರೆ ಮೊದಲ ಸಾಲಿನಲ್ಲೇ ಅಡಿಕೆ ಹಾಳೆಯ ತಟ್ಟೆ ಬಂದು ಕೂರುತ್ತದೆ. ಇಪ್ಪತ್ತೈದರ ಕಟ್ಟು, ಅದರ ಮೇಲೆ ಡೆಲಿವರಿ ಚಾರ್ಜು, ತಲುಪಲು ಐದಾರು ದಿನ. ಅದೇ ತಟ್ಟೆ ಒತ್ತುವ ಯಂತ್ರಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲೇ ಇವೆ. ತೋಟದಲ್ಲಿ ಬಿದ್ದ ಹಾಳೆ ದೂರದ ಗೋದಾಮು ಕಂಡು, ಮೈಗೆ ಪ್ಲಾಸ್ಟಿಕ್ ಸುತ್ತಿಸಿಕೊಂಡು, ಲಾರಿ ಹತ್ತಿ ವಾಪಸ್ ಬಂದರೆ ಅದನ್ನು ಯಾವ ಲೆಕ್ಕದಲ್ಲಿ ಹಸಿರು ಅನ್ನುವುದು?

ಹಾಗಾಗಿ ನಮ್ಮಲ್ಲಿ ಕೆಲಸ ಶುರುವಾಗುವುದು ಫೋನಿನಿಂದಲ್ಲ, ಪಟ್ಟಿಯಿಂದ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇಂಥ ಖರೀದಿಗೆ ಸಿಗುವುದು ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಊರಲ್ಲೇ ಸಿಗುವ ಸಾಮಾನಿನ ಮೇಲೆ ಕಳೆದರೆ ನಿಜವಾಗಿ ಹುಡುಕಬೇಕಾದ ಸಾಮಾನಿಗೆ ಹೊತ್ತೇ ಉಳಿಯುವುದಿಲ್ಲ.

ಪಟ್ಟಿಯಿಂದ ಮೊದಲು ಹೊಡೆದುಹಾಕುವವು

ಹಾಳೆ ತಟ್ಟೆ, ದೊನ್ನೆ, ತೆಂಗಿನ ನಾರಿನ ಉಜ್ಜುಗ, ಹಿಡಿ ಕಸಬರಿಗೆ, ಗಾಣದ ಕೊಬ್ಬರಿ ಎಣ್ಣೆ, ಸೀಗೆಪುಡಿ, ಅಂಟುವಾಳ ಕಾಯಿ, ಬಟ್ಟೆ ಚೀಲ. ಇಷ್ಟನ್ನು ಆನ್‌ಲೈನಿನಲ್ಲಿ ತರಿಸುವ ಅಗತ್ಯವೇ ಇಲ್ಲ. ಶಿರಸಿಯಲ್ಲಾದರೆ 1923ರಿಂದ ನಡೆದುಬಂದ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಟಿಎಸ್‌ಎಸ್‌ನ ಸೂಪರ್ ಮಾರ್ಕೆಟ್ಟು ಮತ್ತು ಪೇಟೆಯ ಗ್ರಂಥಿಗೆ ಅಂಗಡಿಗಳು, ಕಾರವಾರದಲ್ಲಾದರೆ ಭಾನುವಾರದ ಸಂತೆ. ಹೇಗಿದ್ದರೂ ದಿನಸಿಗೆ ಹೋಗುತ್ತೇವೆ, ಅದರ ಜತೆಗೇ ಮುಗಿಯುತ್ತದೆ.

ಹಾಳೆ ತಟ್ಟೆಯನ್ನು ಮಾರ್ಚಿನಿಂದ ಮೇ ಒಳಗೆ ಕೊಂಡಿಟ್ಟುಕೊಳ್ಳಬೇಕು. ಬಿಸಿ ಅಚ್ಚಿನಲ್ಲಿ ಒತ್ತಿದಾಗ ಹಾಳೆಯ ತೇವ ಪೂರ್ತಿ ಹೋಗಿರುವುದಿಲ್ಲ. ಉಳಿದ ತೇವಕ್ಕೆ ಜೂನ್ ತಿಂಗಳ ಥಂಡಿ ಸೇರಿದರೆ ವಾರದೊಳಗೆ ಹಸಿರು-ಕಪ್ಪು ಬೂಷ್ಟಿನ ಚುಕ್ಕೆ ಏಳುತ್ತದೆ. ಕೊಂಡ ದಿನ ಎರಡು ಮೂರು ತಾಸು ಬಿಸಿಲಿಗೆ ಹರವಿ, ತಣಿದ ಮೇಲೆ ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಬೂಷ್ಟು ಬಂದದ್ದನ್ನು ಒರೆಸಿ ಊಟಕ್ಕೆ ಹಾಕಬೇಡಿ, ಗೊಬ್ಬರ ಗುಂಡಿಗೆ ಹಾಕಿ. ಸಾರು, ತಂಬುಳಿ ಬಡಿಸುವ ಊಟಕ್ಕೆ ದಪ್ಪ ಹಾಳೆಯ 12 ಇಂಚಿನದೇ ಬೇಕು. ತೆಳು ಹಾಳೆಯ 10 ಇಂಚಿನದು ತಿಂಡಿಗೆ ಸಾಕು.

ಅಂಟುವಾಳದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ‘ನೈಸರ್ಗಿಕ ಲಿಕ್ವಿಡ್’ ಎಂಬ ಹೆಸರಿನಲ್ಲಿ ಅರ್ಧ ಲೀಟರ್ ಬಾಟಲಿಗೆ ನೂರಾರು ರೂಪಾಯಿ ಕೊಡುವ ಸಾಮಾನಿನ ಮುಖ್ಯ ಅಂಶ ಎಷ್ಟೋ ಸಲ ಇದೇ ಕಾಯಿ. ಬೀಜ ತೆಗೆದ ಸಿಪ್ಪೆ 100 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಹಾಕಿ ಬೆಳಿಗ್ಗೆ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಕುದಿಸಿ, ಹಿಸುಕಿ, ಬಟ್ಟೆಯಲ್ಲಿ ಸೋಸಿದರೆ ಆಯಿತು. ಪಾತ್ರೆಗೂ ಬರುತ್ತದೆ, ನಿತ್ಯದ ಬಟ್ಟೆಗೂ ಬರುತ್ತದೆ. ತೊಂದರೆ ಇರುವುದು ಇಡುವುದರಲ್ಲಿ. ಫ್ರಿಜ್ಜಿನಲ್ಲಿ ಒಂದು ವಾರ ಬಾಳುತ್ತದೆ, ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ. ಕುದಿಸುವಷ್ಟು ಹೊತ್ತು ಇಲ್ಲದವರು ನಾಲ್ಕೈದು ಸಿಪ್ಪೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ವಾಷಿಂಗ್ ಮಷಿನ್ನಿಗೆ ಹಾಕಬಹುದು, ಆದರೆ ನೀರು ಬಿಸಿ ಇರಬೇಕು. ತಣ್ಣೀರಿನಲ್ಲಿ ಸಿಪ್ಪೆಯ ನೊರೆ ಬಿಡುವುದಿಲ್ಲ. ಬಿಳಿ ಅಂಗಿಯ ಕಾಲರಿಗೆ ಇದು ಸಾಲದು, ಅಷ್ಟಕ್ಕೆ ಬಾರ್ ಸೋಪು ಬೇಕೇಬೇಕು.

ಇನ್ನು ಬಟ್ಟೆ ಚೀಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ಮಾಮೂಲಿ ಹತ್ತಿ ಚೀಲ ಹವಾಮಾನದ ದೃಷ್ಟಿಯಿಂದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗಲು ಸುಮಾರು 52 ಸಲ ಬಳಕೆಯಾಗಬೇಕು. ಎಲ್ಲ ಬಗೆಯ ಪರಿಣಾಮ ಸೇರಿಸಿದರೆ 7,100 ಸಲ. ಸಾವಯವ ಹತ್ತಿಯದಾದರೆ ಇಳುವರಿ ಕಡಿಮೆಯಾದ್ದರಿಂದ ಸಂಖ್ಯೆ ಇನ್ನೂ ಏರುತ್ತದೆ. ಆ ಅಧ್ಯಯನ ಸಮುದ್ರಕ್ಕೆ ಸೇರುವ ಕಸವನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂಬ ತಕರಾರು ಇದೆ, ಅದೂ ಸರಿಯೇ. ಆದರೂ ‘ಆರ್ಗ್ಯಾನಿಕ್ ಕಾಟನ್ ಟೋಟ್, ಆರರ ಸೆಟ್’ ಕೊಳ್ಳುವ ಬದಲು ಹಳೇ ಪಂಚೆಯನ್ನೋ ಸೀರೆಯನ್ನೋ ಟೇಲರಿಗೆ ಕೊಟ್ಟು ಹೊಲಿಸಿಕೊಳ್ಳುವುದು ಎಲ್ಲ ಲೆಕ್ಕದಲ್ಲೂ ಮೇಲು.

ಕಾಂಪೋಸ್ಟಬಲ್ ಕಸದ ಚೀಲವೂ ನಮ್ಮ ಪಟ್ಟಿಯಲ್ಲಿ ಉಳಿಯುವುದಿಲ್ಲ. ಹಳ್ಳಿ ಮನೆಯಲ್ಲಿ ಹಸಿ ಕಸ ನೇರ ಗುಂಡಿಗೆ ಹೋಗುತ್ತದೆ. ಕಾರವಾರದ ಅಪಾರ್ಟ್‌ಮೆಂಟಿನಲ್ಲಿ ಬಕೆಟ್ಟಿಗೆ ಹಳೇ ಪೇಪರ್ ಹಾಸಿ ಗಾಡಿಗೆ ಸುರಿದು ತೊಳೆದರೆ ಮುಗಿಯಿತು. ಬಾಲ್ಕನಿಯಲ್ಲಿ ಗೊಬ್ಬರ ಮಾಡುವವರಿಗೆ ಕೋಕೋಪೀಟ್ ಇಟ್ಟಿಗೆಯ ಬದಲು ಒಣ ದರಕೇ (ತರಗೆಲೆ) ಸಾಕು. ಕರಾವಳಿಯ ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ, ತೊಳೆಯದ ಕೋಕೋಪೀಟ್ ಗಿಡದ ಬೇರಿಗೆ ಹಿತವಲ್ಲ. ದರಕಿಗೆ ಆ ರಗಳೆ ಇಲ್ಲ, ದುಡ್ಡೂ ಬೇಕಿಲ್ಲ.

ಉಳಿದದ್ದನ್ನು ಹುಡುಕುವ ಕ್ರಮ

ಇಷ್ಟು ಹೊಡೆದುಹಾಕಿದ ಮೇಲೆ ಪಟ್ಟಿಯಲ್ಲಿ ಉಳಿಯುವುದು ಕರೆಂಟು ಉಳಿಸುವ ಬಿಎಲ್‌ಡಿಸಿ ಫ್ಯಾನು, ನಲ್ಲಿಯ ಏರೇಟರ್, ಚಾರ್ಜ್ ಮಾಡುವ ಸೆಲ್ಲು, ಮುಟ್ಟಿನ ಕಪ್ಪು (ಮೆನ್‌ಸ್ಟ್ರುವಲ್ ಕಪ್), ಬಿದಿರಿನ ಬ್ರಷ್ಷು, ಒಳ್ಳೆಯ ಸ್ಟೀಲ್ ಬಾಟಲಿ, ಬಟ್ಟೆ ಸೋಪಿನ ಲಿಕ್ವಿಡ್ಡು. ಇವಕ್ಕೆ ಆನ್‌ಲೈನೇ ಸರಿ. ಸಣ್ಣ ಪೇಟೆಯಲ್ಲಿ ಆಯ್ಕೆ ಕಡಿಮೆ, ತಾಂತ್ರಿಕ ವಿವರ ಕೇಳಿದರೆ ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಹುಡುಕುವಾಗ ‘ಇಕೋ’, ‘ಗ್ರೀನ್’, ‘ನ್ಯಾಚುರಲ್’ ಎಂಬ ಪದಗಳನ್ನು ಹಾಕಲೇಬೇಡಿ. ಅವನ್ನು ಹಾಕಿದರೆ ಬರುವುದು ಜಾಹೀರಾತಿಗೆ ದುಡ್ಡು ಕೊಟ್ಟವರ ಸಾಲು. ಬದಲಿಗೆ ವಸ್ತುವಿನ ಹೆಸರು ಮತ್ತು ಅದರ ಮಾನಕ ಹಾಕಿ: ‘ಬಿಎಲ್‌ಡಿಸಿ 5 ಸ್ಟಾರ್ 1200 ಎಂಎಂ’, ‘ಎಸ್‌ಎಸ್ 304 ಬಾಟಲ್ 1 ಲೀಟರ್’, ‘ಜಿಒಟಿಎಸ್ ಟವೆಲ್’ (ಸಾವಯವ ಹತ್ತಿಯ ಗುರುತು). ಸಾವಿರ ಫಲಿತಾಂಶ ಅಲ್ಲಿಗೇ ನೂರಕ್ಕೆ ಇಳಿಯುತ್ತದೆ.

ಮುಂದಿನ ಹೆಜ್ಜೆ ಫೋಟೋ. ವಿವರಣೆಯ ಸಾಲುಗಳನ್ನು ಬಿಟ್ಟು ನಾಲ್ಕನೆಯದೋ ಐದನೆಯದೋ ಇರುವ ಹಿಂಬದಿಯ ಲೇಬಲ್ಲಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಹಿಂಬದಿಯ ಚಿತ್ರವನ್ನೇ ಹಾಕದಿದ್ದರೆ ಆ ಸಾಮಾನು ಅಲ್ಲಿಗೆ ಕೈಬಿಡುವುದು, ಎರಡನೇ ಯೋಚನೆ ಬೇಡ. ಲೇಬಲ್ಲಿನಲ್ಲಿ ಹುಡುಕಬೇಕಾದದ್ದು ಎಲೆಯ ಚಿತ್ರವನ್ನಲ್ಲ, ನಂಬರನ್ನು. ಎಲೆಯ ಚಿತ್ರ ಯಾರು ಬೇಕಾದರೂ ಬರೆಯಬಹುದು. ಲೈಸೆನ್ಸ್ ನಂಬರು ಇದ್ದರೆ ಅದು ನಿಜವೋ ಸುಳ್ಳೋ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಯಾವುದಕ್ಕೆ ಎಲ್ಲಿ ನೋಡಬೇಕು? ಐಎಸ್‌ಐ ಗುರುತಿನ ಸಾಮಾನಾದರೆ ‘ಸಿಎಂ/ಎಲ್’ ಎಂದು ಶುರುವಾಗುವ ನಂಬರನ್ನು ಸರ್ಕಾರದ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ. ಯಾವ ಕಂಪನಿಗೆ, ಯಾವ ಸಾಮಾನಿಗೆ ಕೊಟ್ಟದ್ದು, ಲೈಸೆನ್ಸು ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಕಾಗದ, ಮರ, ಬಿದಿರಿನ ಸಾಮಾನಿಗೆ, ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನದು ಎಂದು ಹೇಳುವ ಎಫ್‌ಎಸ್‌ಸಿ ಗುರುತಿದ್ದರೆ ಅದರ ಕೆಳಗೆ ‘ಸಿ’ ಅಕ್ಷರ ಮತ್ತು ಆರು ಅಂಕಿ ಇರಬೇಕು. ಅದರಲ್ಲೂ ‘100%’, ‘ಮಿಕ್ಸ್’, ‘ರೀಸೈಕಲ್ಡ್’ ಎಂದು ಮೂರು ಬಗೆ. ಸಾವಯವ ಹತ್ತಿಗೆ ಜಿಒಟಿಎಸ್. ಅದರಲ್ಲಿ ‘ಆರ್ಗ್ಯಾನಿಕ್’ ಎಂದಷ್ಟೇ ಇದ್ದರೆ ಕನಿಷ್ಠ 95 ಶೇಕಡಾ ಸಾವಯವ ನೂಲು, ‘ಮೇಡ್ ವಿತ್ ಆರ್ಗ್ಯಾನಿಕ್’ ಎಂದಿದ್ದರೆ ಕನಿಷ್ಠ 70 ಶೇಕಡಾ. ತಿನ್ನುವ ಸಾಮಾನಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ಸಾವಯವ ಎಂದರೆ ಜೈವಿಕ್ ಭಾರತ್ ಗುರುತು. ನಮ್ಮ ಸರ್ಕಾರದ್ದೇ ಆದ ಇಕೋಮಾರ್ಕ್ 1991ರಿಂದ ಇದೆ, ಗುರುತು ಮಣ್ಣಿನ ಮಡಕೆ. 2024ರಲ್ಲಿ ಅದರ ನಿಯಮಗಳನ್ನು ಹೊಸದಾಗಿ ಬರೆದರು, ಆದರೂ ಮಡಕೆ ಕಾಣಿಸುವುದು ಅಪರೂಪವೇ.

‘ಐಎಸ್‌ಒ 14001 ಸರ್ಟಿಫೈಡ್’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದು ಕಾರ್ಖಾನೆಯ ಆಡಳಿತ ವ್ಯವಸ್ಥೆಗೆ ಕೊಡುವ ಪ್ರಮಾಣಪತ್ರ. ನಿಮ್ಮ ಕೈಗೆ ಬರುವ ಬಾಟಲಿಗೂ ಅದಕ್ಕೂ ಸಂಬಂಧ ಕಡಿಮೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಸುಳ್ಳುಗಳ ವಿರುದ್ಧವೇ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಆಧಾರವಿಲ್ಲದೆ ‘ಇಕೋಫ್ರೆಂಡ್ಲಿ’ ‘ಗ್ರೀನ್’ ಎಂದೆಲ್ಲ ಬರೆಯುವಂತಿಲ್ಲ, ಆಧಾರವನ್ನು ಜಾಹೀರಾತಿನಲ್ಲೇ ಅಥವಾ ಕ್ಯುಆರ್ ಕೋಡ್, ಕೊಂಡಿಯ ಮೂಲಕ ತೋರಿಸಬೇಕು. ಮಾರ್ಗಸೂಚಿ ಬಂದ ಮಾತ್ರಕ್ಕೆ ಪೇಟೆ ಶುದ್ಧವಾಗಲಿಲ್ಲ. ಆದರೆ ‘ನಿಮ್ಮ ಆಧಾರ ಎಲ್ಲಿದೆ’ ಎಂದು ಮಾರಾಟಗಾರರಿಗೆ ಒಂದು ಸಾಲು ಬರೆದು ಕೇಳಲು ಬಲ ಬಂತು. ಉತ್ತರ ಕೊಡುವವರು ಯಾರು, ನುಣುಚಿಕೊಳ್ಳುವವರು ಯಾರು ಎಂಬುದೇ ಒಳ್ಳೆಯ ಜರಡಿ.

ರಿವ್ಯೂ ಓದುವುದಾದರೆ ಐದು ಸ್ಟಾರಿನವನ್ನೂ ಒಂದು ಸ್ಟಾರಿನವನ್ನೂ ಬಿಡಿ. ಮೂರು ಸ್ಟಾರು ಕೊಟ್ಟವರು ಸಾಮಾನ್ಯವಾಗಿ ಬಳಸಿ ನೋಡಿ ಬರೆದಿರುತ್ತಾರೆ. ಜುಲೈ, ಆಗಸ್ಟಿನಲ್ಲಿ ಬರೆದ ರಿವ್ಯೂಗಳಲ್ಲಿ ‘ಫಂಗಸ್’, ‘ಸ್ಮೆಲ್’ ಎಂಬ ಪದ ಹುಡುಕಿ. ಮಲೆನಾಡಿನವರಿಗೆ ಬೇಕಾದ ಮಾಹಿತಿ ಸಿಗುವುದು ಅಲ್ಲಿ.

ಹೆಸರಿಗೆ ಮರುಳಾಗಬಾರದ ಕೆಲವು ಸಾಮಾನು

‘ಬಯೋಡಿಗ್ರೇಡಬಲ್’ (ಎಂದೋ ಕೊಳೆಯುವುದು) ಮತ್ತು ‘ಕಾಂಪೋಸ್ಟಬಲ್’ (ಗೊಬ್ಬರವಾಗುವುದು) ಎರಡೂ ಒಂದೇ ಅಲ್ಲ. ನಮ್ಮ ದೇಶದಲ್ಲಿ ಕಾಂಪೋಸ್ಟಬಲ್ ಪ್ಲಾಸ್ಟಿಕ್ಕಿಗೆ ಐಎಸ್ 17088 ಮಾನಕ ಇದೆ, ಮಾರುವ ಮೊದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು, ಚೀಲದ ಮೇಲೆ ಆ ವಿವರ ಮುದ್ರಿಸಿರಬೇಕು. ಆ ಮಾನಕ ಪಾಸಾದ ಚೀಲವೂ ಕರಗುವುದು ಕೈಗಾರಿಕಾ ಗೊಬ್ಬರ ಘಟಕದ ಸುಮಾರು 58 ಡಿಗ್ರಿ ಕಾವಿನಲ್ಲಿ. ಮಳೆಗಾಲದಲ್ಲಿ ನೀರು ಕುಡಿದ ಗೊಬ್ಬರ ಗುಂಡಿ ಅಷ್ಟು ಕಾಯುವುದಿಲ್ಲ, ಕಾರವಾರದ ಕಡಲಂತೂ ಕಾಯುವುದೇ ಇಲ್ಲ. ಜೋಳದ ಪಿಷ್ಟದಿಂದ ಮಾಡಿದ ಪಿಎಲ್‌ಎ ಲೋಟ ಗುಂಡಿಯಲ್ಲಿ ವರ್ಷ ಕಳೆದರೂ ಆಕಾರ ಬಿಡದಿದ್ದರೆ ಆಶ್ಚರ್ಯವಿಲ್ಲ.

ಬಿದಿರಿನ ನಾರಿನ ಲೋಟ-ತಟ್ಟೆ ಎಂದು ಬಣ್ಣಬಣ್ಣದಲ್ಲಿ ಬರುವ ಬಹಳಷ್ಟು ಸಾಮಾನಿನಲ್ಲಿ ಬಿದಿರಿನ ಪುಡಿಯನ್ನು ಹಿಡಿದಿಡುವುದು ಮೆಲಮೈನ್ ಅಂಟು. ಬಿಸಿ ಚಹಾಕ್ಕೂ ಮೈಕ್ರೋವೇವಿಗೂ ಅದು ಯೋಗ್ಯವಲ್ಲ, ಮಣ್ಣಿನಲ್ಲಿ ಕರಗುವುದೂ ಇಲ್ಲ. ‘ವೀಟ್ ಸ್ಟ್ರಾ’ ಡಬ್ಬಿಯಲ್ಲಿ ಗೋಧಿ ಹುಲ್ಲಿನ ಜತೆ ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್ ಇರುತ್ತದೆ. ಬಿದಿರು ಬಟ್ಟೆಯ ಟವೆಲ್ಲು, ಬನಿಯನ್ನು ಬಹುಪಾಲು ವಿಸ್ಕೋಸ್, ಅಂದರೆ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಮತ್ತೆ ಎಳೆ ತೆಗೆದದ್ದು. ‘ಪ್ಲಾಸ್ಟಿಕ್ ಇಲ್ಲದ’ ಬಟ್ಟೆ ಸೋಪಿನ ಹಾಳೆಗಳನ್ನು ಹಾಳೆಯಾಗಿ ಹಿಡಿದಿಡುವುದು ಪಿವಿಎ ಎಂಬ ನೀರಲ್ಲಿ ಕರಗುವ ಪಾಲಿಮರ್. ಅದು ಕಣ್ಣಿಗೆ ಕಾಣದಂತೆ ಹೋಗುತ್ತದೆ, ಪೂರ್ತಿ ಕೊಳೆಯುತ್ತದೆಯೇ ಎಂಬ ವಾದ ಮುಗಿದಿಲ್ಲ. ರೀಫಿಲ್ ಪೌಚು ಬಾಟಲಿಗಿಂತ ಕಡಿಮೆ ಪ್ಲಾಸ್ಟಿಕ್ ಹಿಡಿಯುತ್ತದೆ, ನಿಜ. ಆದರೆ ಪೌಚಿನ ಪದರಗಳು ಬೇರೆ ಬೇರೆ ವಸ್ತುವಿನವು, ಗುಜರಿಯವರು ಮುಟ್ಟುವುದಿಲ್ಲ. ನಮ್ಮ ಮಟ್ಟಿಗೆ 5 ಲೀಟರಿನ ಗಟ್ಟಿ ಕ್ಯಾನೇ ವಾಸಿ. ಖಾಲಿಯಾದ ಮೇಲೆ ತೋಟಕ್ಕೆ ಬರುತ್ತದೆ, ಗುಜರಿಗೂ ಹೋಗುತ್ತದೆ.

ಒಂದೊಂದು ಸಾಮಾನಿನ ಕಷ್ಟಸುಖ

ಫ್ಯಾನು: ಹಳೇ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ 28ರಿಂದ 35. ದಿನಕ್ಕೆ ಹತ್ತು ತಾಸು ತಿರುಗಿದರೆ ಹೆಚ್ಚುಕಡಿಮೆ 0.45 ಯೂನಿಟ್ ಉಳಿತಾಯ. ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಗೆ ಈ ಉಳಿತಾಯ ಕಾಗದದ ಮೇಲೆ ಕಾಣುವುದಿಲ್ಲ, ಕಾಣುವುದು ಮಳೆಗಾಲದಲ್ಲಿ ಕರೆಂಟು ಹೋದಾಗ. ಇನ್ವರ್ಟರ್ ಮೇಲೆ ಒಂದು ಹಳೇ ಫ್ಯಾನು ಓಡುವ ಜಾಗದಲ್ಲಿ ಎರಡು ಓಡುತ್ತವೆ. ಕೊಳ್ಳುವಾಗ ಸ್ಟಾರಿನ ಜತೆ ‘ಆಪರೇಟಿಂಗ್ ವೋಲ್ಟೇಜ್’ ನೋಡಿ. ಲೈನಿನ ತುದಿಯ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜು 170ರ ಆಸುಪಾಸಿಗೆ ಇಳಿದಾಗ ಮಾಮೂಲಿ ಫ್ಯಾನು ಅಳುತ್ತಾ ತಿರುಗುತ್ತದೆ. ಕೆಳಮಿತಿ 140 ಅಥವಾ ಅದಕ್ಕಿಂತ ಕಡಿಮೆ ಇರುವ ಬಿಎಲ್‌ಡಿಸಿ ವೇಗ ಬಿಡುವುದಿಲ್ಲ. ಇದು ಕೆಡುವುದು ಮೋಟಾರಿನಿಂದಲ್ಲ, ಒಳಗಿನ ಸರ್ಕಿಟ್ ಬೋರ್ಡಿನಿಂದ, ಅದೂ ಏಪ್ರಿಲ್-ಮೇ ಗುಡುಗು ಸಿಡಿಲಿಗೆ. ಸಿಡಿಲು ಶುರುವಾದಾಗ ಮೇನ್ ಇಳಿಸುವ ಅಭ್ಯಾಸ ನಮ್ಮ ಕಡೆ ಹೇಗೂ ಇದೆ, ಅದನ್ನು ಬಿಡಬೇಡಿ. ಪಿನ್‌ಕೋಡ್ ಹಾಕಿ ‘ಮನೆಗೇ ಬಂದು ಸರ್ವಿಸ್’ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಫ್ಯಾನು ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗುವ ಪ್ರಸಂಗ ಬರುತ್ತದೆ.

ಏರೇಟರ್: ನಲ್ಲಿಯ ಬಾಯಿಗೆ ತಿರುಪುವ ಈ ಸಣ್ಣ ಬಿಲ್ಲೆ ಮಿನಿಟಿಗೆ ಹತ್ತು ಹನ್ನೆರಡು ಲೀಟರ್ ಸುರಿಯುವ ನಲ್ಲಿಯನ್ನು ಮೂರು ನಾಲ್ಕು ಲೀಟರಿಗೆ ಇಳಿಸುತ್ತದೆ. ಅಳತೆ ತಪ್ಪಿದರೆ ಕೂರುವುದಿಲ್ಲ. ನಲ್ಲಿಯ ಒಳಗೆ ಮರೆ (ತಿರುಪಿನ ಗೆರೆ) ಇದ್ದರೆ ಸಾಮಾನ್ಯವಾಗಿ 24 ಮಿಲಿಮೀಟರಿನದು, ಹೊರಗೆ ಮರೆ ಇದ್ದರೆ 22ರದು. ಸ್ಕೇಲು ಹಿಡಿದು ನೋಡಿಯೇ ಆರ್ಡರ್ ಹಾಕಿ. ಎರಡನೇ ಸಮಸ್ಯೆ ಒತ್ತಡ. ನೊರೆ ನೊರೆಯಾಗಿ ನೀರು ಬೀಳಿಸುವ ಮಾದರಿಗೆ ಹೆಚ್ಚು ಒತ್ತಡ ಬೇಕು, ಹತ್ತು ಮೀಟರ್ ಎತ್ತರದ ಟ್ಯಾಂಕಿನಷ್ಟು. ಮಾಳಿಗೆಯ ಮೇಲಿನ ಸಿಂಟೆಕ್ಸ್ ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿದ್ದರೆ ಹೆಚ್ಚು. ಅಂಥ ಮನೆಗೆ ‘ಸ್ಪ್ರೇ’ ಮಾದರಿ ಹೊಂದುತ್ತದೆ. ಜಂಬಿಟ್ಟಿಗೆ ಕಲ್ಲಿನ ನೆಲದ ಬಾವಿನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಜಾಲರಿ ಕಂದು ಬಣ್ಣಕ್ಕೆ ತಿರುಗಿ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲೋ ಮುರುಗಲ ಹುಳಿಯಲ್ಲೋ ಅರ್ಧ ಗಂಟೆ ನೆನೆಸಿ ಹಳೇ ಬ್ರಷ್ಷಿನಿಂದ ಉಜ್ಜಿದರೆ ಸರಿಹೋಗುತ್ತದೆ.

ಚಾರ್ಜ್ ಸೆಲ್ಲು: ಎಎ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ನಿಜವಾದ ಸಾಮರ್ಥ್ಯ ಹೆಚ್ಚೆಂದರೆ 2800 ಎಂಎಎಚ್ ಆಸುಪಾಸು. ‘4000’ ಎಂದು ಬರೆದಿದ್ದರೆ ಅದು ಸುಳ್ಳು, ಮುಂದೆ ಓದಬೇಡಿ. ಟಾರ್ಚು, ಮಕ್ಕಳ ಆಟಿಕೆ, ಬಿಪಿ ಮಷಿನ್ನಿಗೆ ಇದು ಲಾಭ. ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಬೇಡ. ಅವು ಮಾಮೂಲಿ ಸೆಲ್ಲಿನಲ್ಲೇ ವರ್ಷ ತಳ್ಳುತ್ತವೆ.

ಸ್ಟೀಲ್ ಬಾಟಲಿ: 304 ಎಂದರೆ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್. ಅಗ್ಗದ 200 ಸರಣಿಯಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಮಜ್ಜಿಗೆ, ಪುನರ್ಪುಳಿ ಪಾನಕದಂಥ ಹುಳಿಗೂ ಕರಾವಳಿಯ ಉಪ್ಪುಗಾಳಿಗೂ ಅದು ಬೇಗ ಕಲೆ ಬೀಳುತ್ತದೆ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆಯಿಂದ ಉಪಯೋಗವಿಲ್ಲ. ತಳದಲ್ಲಿ ‘304’ ಎಂದು ಅಚ್ಚೊತ್ತಿದೆಯೇ, ಮುಚ್ಚಳದ ರಬ್ಬರ್ ರಿಂಗು ಬಿಡಿಯಾಗಿ ಸಿಗುತ್ತದೆಯೇ ನೋಡಿ. ಬಾಟಲಿ ಹಾಳಾಗುವುದು ಕಡಿಮೆ, ರಿಂಗು ಹೋಗಿ ಮೂಲೆ ಸೇರುವುದೇ ಹೆಚ್ಚು.

ಬಿದಿರಿನ ಬ್ರಷ್ಷು: ಹಿಡಿಕೆ ಮಾತ್ರ ಬಿದಿರು, ಕೂದಲು ನೈಲಾನ್. ಕಪ್ಪಗಿರುವ ‘ಇದ್ದಿಲಿನ’ ಕೂದಲೂ ಇದ್ದಿಲು ಬೆರೆಸಿದ ನೈಲಾನೇ. ಗುಂಡಿಗೆ ಹಾಕುವ ಮೊದಲು ಇಕ್ಕಳದಿಂದ ಕೂದಲು ಕೀಳಬೇಕು, ಇಲ್ಲವೇ ತಲೆ ಮುರಿದು ಹಿಡಿಕೆಯನ್ನಷ್ಟೇ ಹಾಕಬೇಕು. ಶಿರಸಿಯ ಜುಲೈ ತಿಂಗಳಲ್ಲಿ ಲೋಟದಲ್ಲಿ ನಿಲ್ಲಿಸಿದ ಬಿದಿರು ಬ್ರಷ್ಷಿನ ಬುಡ ಕಪ್ಪಾಗದೆ ಇರುವುದಿಲ್ಲ, ತಳದಲ್ಲಿ ನಿಂತ ನೀರನ್ನು ಹೀರಿಕೊಂಡೇ ಇರುತ್ತದೆ. ಬಳಸುವ ಮೊದಲು ಹಿಡಿಕೆಗೆ ಕೊಬ್ಬರಿ ಎಣ್ಣೆ ಸವರಿ ಒಂದು ರಾತ್ರಿ ಬಿಡಿ, ಆಮೇಲೆ ತಲೆ ಕೆಳಗಾಗಿ ನೇತುಹಾಕಿ. ಹನ್ನೆರಡರ ಕಟ್ಟು ಅಗ್ಗ ಎಂದು ಜೂನಿನಲ್ಲಿ ತರಿಸಿದರೆ ಪೆಟ್ಟಿಗೆಯಲ್ಲೇ ಬೂಷ್ಟು. ನಾಲ್ಕರ ಕಟ್ಟು ಸಾಕು.

ಮುಟ್ಟಿನ ಕಪ್ಪು: ಮರುಬಳಕೆಯ ಬಟ್ಟೆ ಪ್ಯಾಡಿಗೆ ಐಎಸ್ 17514 ಮಾನಕ ಇದೆ, ಸಾಮಾನೂ ಒಳ್ಳೆಯದು ಸಿಗುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ತಲೆನೋವು. ಬಿಸಿಲಿಲ್ಲದೆ ಅರೆ ಒಣಗಿದ ಪ್ಯಾಡು ತುರಿಕೆ, ಸೋಂಕಿಗೆ ದಾರಿ. ಆ ನಾಲ್ಕು ತಿಂಗಳಿಗೆ ಕಪ್ಪೇ ಅನುಕೂಲ. ಮೆಡಿಕಲ್ ಗ್ರೇಡ್ ಸಿಲಿಕೋನ್, ಐಎಸ್‌ಒ 10993 ಪರೀಕ್ಷೆಯ (ಮೈಗೆ ಹಾನಿಯಿಲ್ಲ ಎಂದು ನೋಡುವ ಪರೀಕ್ಷೆ) ಉಲ್ಲೇಖ ಇರಲಿ. ಒಮ್ಮೆ ಬಿಚ್ಚಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಅಳತೆಯ ಕೋಷ್ಟಕ ಓದಿಯೇ ಆರಿಸಿ. ಹೆರಿಗೆಯಾಗಿದೆಯೇ ಎಂಬುದೊಂದೇ ಅಲ್ಲ, ಗರ್ಭಕೊರಳು ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಕೊರಳು ಕೆಳಗಿದ್ದವರಿಗೆ ಉದ್ದನೆಯ ಕಪ್ಪು ಚುಚ್ಚುತ್ತದೆ. ಪ್ರತಿ ತಿಂಗಳು ಶುರುವಿಗೂ ಕೊನೆಗೂ ಐದು ನಿಮಿಷ ಕುದಿಸಬೇಕು, ಅದಕ್ಕೊಂದು ಪುಟ್ಟ ಪಾತ್ರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ವಂಕಿ (ಕಾಪರ್-ಟಿ) ಧರಿಸಿದವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ, ಕಪ್ಪು ತೆಗೆಯುವಾಗ ಅದರ ದಾರ ಎಳೆದುಕೊಳ್ಳುವ ಸಂಭವ ಇದೆ.

ಬಟ್ಟೆ ಸೋಪು: ಇದರಲ್ಲಿ ನೋಡಬೇಕಾದದ್ದು ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಮಲೆನಾಡಿನ ಮನೆಗಳಲ್ಲಿ ಅದು ನೇರ ಬಾಳೆ ಬುಡಕ್ಕೋ ಕೆಸುವಿನ ಪಾತಿಗೋ ಅಡಿಕೆ ಮರಕ್ಕೋ ಹೋಗುತ್ತದೆ. ಲೇಬಲ್ಲಿನಲ್ಲಿ ಬೋರಾಕ್ಸ್ ಇದ್ದರೆ ಬೇಡ, ಅದರಲ್ಲಿರುವ ಬೋರಾನ್ ಹೆಚ್ಚಾದರೆ ಎಲೆಯಂಚು ಸುಡುತ್ತದೆ. ಸೋಡಿಯಂ ಕಾರ್ಬೊನೇಟ್ ಮೊದಲ ಸಾಲಿನಲ್ಲೇ ಇರುವ ಪುಡಿಯೂ ಬೇಡ, ಸೋಡಿಯಂ ಕೂಡಿಕೊಂಡರೆ ಮಣ್ಣು ಗಟ್ಟಿಯಾಗುತ್ತದೆ. ಪೊಟ್ಯಾಸಿಯಂ ಸೋಪಿನ ಲಿಕ್ವಿಡ್ ಗಿಡಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಆಪ್ಟಿಕಲ್ ಬ್ರೈಟನರ್ ಬಟ್ಟೆಯ ಕೊಳೆ ತೆಗೆಯುವುದಿಲ್ಲ, ಬೆಳ್ಳಗೆ ಕಾಣಿಸುತ್ತದೆ ಅಷ್ಟೆ. ಘಟ್ಟದ ಮೇಲಿನ ಬಾವಿನೀರು ಸಾಮಾನ್ಯವಾಗಿ ಮೃದು. ಪ್ಯಾಕೆಟ್ಟಿನ ಮೇಲಿನ ಅಳತೆ ಬಯಲುಸೀಮೆಯ ಗಡಸು ನೀರಿಗೂ ಸಾಲುವಂತೆ ಬರೆದದ್ದು, ನಮಗೆ ಅದರ ಅರ್ಧ ಸಾಕು. ಕರಾವಳಿಯಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುವ ಕಡೆ ಸೋಪು ಒಡೆದು ಜಿಡ್ಡಿನ ಕೆನೆ ಕಟ್ಟುತ್ತದೆ. ಅಲ್ಲಿ ಅಂಟುವಾಳವೇ ಚೆನ್ನಾಗಿ ಕೆಲಸ ಮಾಡುತ್ತದೆ.

ಬುಟ್ಟಿ ತುಂಬಿಸಿ ದುಡ್ಡು ಕಟ್ಟುವವರೆಗೆ

ಬೇಕೆನಿಸಿದ್ದನ್ನೆಲ್ಲ ಬುಟ್ಟಿಗೆ ಹಾಕಿಡಿ, ಆದರೆ ಆರ್ಡರ್ ಎರಡು ತಿಂಗಳಿಗೊಮ್ಮೆ ಮಾತ್ರ. ಒಂದೇ ಮಾರಾಟಗಾರರಿಂದ ಆದಷ್ಟು ತೆಗೆದುಕೊಂಡರೆ ಒಂದೇ ಪೆಟ್ಟಿಗೆ ಬರುತ್ತದೆ. ಒಂದೇ ಜಾಲತಾಣವಾದರೂ ನಾಲ್ಕು ಮಾರಾಟಗಾರರಿದ್ದರೆ ನಾಲ್ಕು ಪಾರ್ಸೆಲ್ಲು, ನಾಲ್ಕು ಓಡಾಟ. ಬೆಲೆ ಹೋಲಿಸುವಾಗ ಪ್ಯಾಕಿನ ಬೆಲೆ ಬಿಟ್ಟು 100 ಗ್ರಾಂಗೋ ಲೀಟರಿಗೋ ಎಷ್ಟು ಎಂದು ನೋಡಿ. ‘ಸಾಂದ್ರ’ ಲಿಕ್ವಿಡ್ಡಾದರೆ ಒಂದು ಒಗೆತಕ್ಕೆ ಎಷ್ಟು ಮಿಲಿ ಎಂಬುದರ ಮೇಲೆ ಲೆಕ್ಕ ಹಾಕಬೇಕು.

ದುಡ್ಡು ಕಟ್ಟುವ ಪುಟದಲ್ಲಿ ನಿಂತು ನೋಡಿ. ‘ಗಿಡ ನೆಡಲು 5 ರೂಪಾಯಿ’ ಎಂದು ತಾನಾಗಿಯೇ ಸೇರಿಕೊಂಡಿರುತ್ತದೆ, ಇಲ್ಲವೇ ‘ಪ್ರತಿ ತಿಂಗಳು ಕಳಿಸಿ’ ಎಂಬಲ್ಲಿ ಮೊದಲೇ ಗುರುತು ಬಿದ್ದಿರುತ್ತದೆ. 2023ರ ನವೆಂಬರಿನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಚಾಲಾಕಿತನಗಳನ್ನು ಹೆಸರಿಸಿ ನಿಷೇಧಿಸಿದ್ದಾರೆ. ಕೇಳದೆ ಬುಟ್ಟಿಗೆ ಸೇರಿಸುವುದು ಅವುಗಳಲ್ಲಿ ಒಂದು.

ವಿಳಾಸದ ಬಗ್ಗೆ ಹಳ್ಳಿಯವರಿಗೆ ಒಂದು ಮಾತು. ಖಾಸಗಿ ಕೊರಿಯರಿನವರು ಪೇಟೆಯ ಪಿನ್‌ಕೋಡಿಗೆ ಬರುತ್ತಾರೆ, ಒಳಗಿನ ಊರಿಗೆ ಬರುವುದಿಲ್ಲ. ಪೇಟೆಯ ಪಿನ್ ಹಾಕಿ ಹಳ್ಳಿಯ ವಿಳಾಸ ಬರೆದರೆ ಪಾರ್ಸೆಲ್ಲು ಪೇಟೆಯಲ್ಲೇ ನಿಂತು, ಫೋನು ಸಿಗದೆ, ‘ಗ್ರಾಹಕರು ಲಭ್ಯವಿಲ್ಲ’ ಎಂದು ವಾಪಸ್ ಹೋಗುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರಿಗೆ ಒಟಿಪಿ ಬರುವುದಿಲ್ಲ, ಅದೂ ಅದೇ ಗತಿ. ಇದಕ್ಕೆ ಎರಡೇ ದಾರಿ. ಪೇಟೆಯಲ್ಲಿ ಕೆಲಸ ಮಾಡುವ ಕಡೆಯ ವಿಳಾಸ ಕೊಡಿ, ಅಥವಾ ಅಂಚೆಯಲ್ಲಿ ಕಳಿಸುವ ಮಾರಾಟಗಾರರನ್ನು ಆರಿಸಿ ನಿಮ್ಮ ಊರಿನ ಅಂಚೆ ಕಚೇರಿಯ ಪಿನ್ ಹಾಕಿ. ಪೋಸ್ಟಿನವರಿಗೆ ಮನೆ ಗೊತ್ತಿರುತ್ತದೆ.

ಕಾಲವನ್ನೂ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವಿಮನೆ, ಅರಬೈಲು ಘಟ್ಟದಲ್ಲಿ ಯಾವ ದಿನ ಮಣ್ಣು ಕುಸಿಯುತ್ತದೆ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66ರ ಸಂಚಾರ ಹಲವು ದಿನ ನಿಂತಿತ್ತು. ಮಳೆಗಾಲದಲ್ಲಿ ಕಾಗದದ ಪೆಟ್ಟಿಗೆ ಒದ್ದೆಯಾಗಿ ಬಿಡುತ್ತದೆ, ಪ್ಲಾಸ್ಟಿಕ್ ಇಲ್ಲದೆ ಕಳಿಸಿ ಎಂದು ಕೇಳಿಕೊಂಡಿದ್ದರೆ ಇನ್ನೂ ಕಷ್ಟ. ಲಿಕ್ವಿಡ್ಡು, ಬ್ರಷ್ಷು, ಹತ್ತಿಯ ಸಾಮಾನು ಇವನ್ನು ಮೇ ಎರಡನೇ ವಾರದೊಳಗೆ ತರಿಸಿ ಮುಗಿಸುವುದು ಕ್ಷೇಮ.

ಪಾರ್ಸೆಲ್ಲು ಬಂದ ಮೇಲೆ

ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ವಿಳಾಸದ ಚೀಟಿಯಿಂದ ಶುರುವಾಗಿ ಸಾಮಾನು ಕಾಣುವವರೆಗೆ ನಡುವೆ ತುಂಡಾಗದಂತೆ. ಘಟ್ಟದ ತಿರುವುಗಳಲ್ಲಿ ಕುಲುಕಿ ಕ್ಯಾನಿನ ಮುಚ್ಚಳ ಸಡಿಲವಾಗಿ ಅರ್ಧ ಲಿಕ್ವಿಡ್ ಪೆಟ್ಟಿಗೆ ಕುಡಿಯುವುದು ಮಾಮೂಲು. ವಿಡಿಯೋ ಇದ್ದರೆ ಮಾರಾಟಗಾರರು ವಾದ ಮಾಡುವುದಿಲ್ಲ. ಬಂದ ಸಾಮಾನಿನ ಮೇಲಿನ ಲೈಸೆನ್ಸ್ ನಂಬರನ್ನೂ ಫೋಟೋದಲ್ಲಿ ಕಂಡ ನಂಬರನ್ನೂ ಅಂದೇ ತಾಳೆ ನೋಡಿ, ವಾಪಸಿನ ಅವಧಿ ಮುಗಿದ ಮೇಲಲ್ಲ.

ಸರಿಯಿಲ್ಲದಿದ್ದರೆ ಮೊದಲು ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದಂತೆ ಅವರ ಹೆಸರು, ಸಂಪರ್ಕ ಪ್ರಕಟಿಸಿರಲೇಬೇಕು, 48 ತಾಸಿನೊಳಗೆ ದೂರು ತಲುಪಿದ್ದಕ್ಕೆ ಉತ್ತರ ಕೊಡಬೇಕು, ತಿಂಗಳೊಳಗೆ ಬಗೆಹರಿಸಬೇಕು. ಬರೆಯುವಾಗ ‘ಮೋಸವಾಯಿತು’ ಎಂದು ಬರೆದರೆ ಸಾಲದು. ‘ಲೇಬಲ್ಲಿನಲ್ಲಿ ಐಎಸ್ 17088 ಎಂದಿದೆ, ಪ್ರಮಾಣಪತ್ರದ ನಂಬರು ಇಲ್ಲ’ ಎಂಬಂತೆ ಬಿಂದು ಹಿಡಿದು ಬರೆಯಿರಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಮೀರಿದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು.

ರಟ್ಟಿನ ಪೆಟ್ಟಿಗೆಯಿಂದ ಟೇಪು, ವಿಳಾಸದ ಚೀಟಿ ಕಿತ್ತು, ಹೊಳಪಿಲ್ಲದ ರಟ್ಟನ್ನು ಹರಿದು ಗೊಬ್ಬರಕ್ಕೆ ಹಾಕಬಹುದು. ಮಳೆಗಾಲದಲ್ಲಿ ನೀರಾಗುವ ಗುಂಡಿಗೆ ಅದು ಒಳ್ಳೆಯ ಒಣ ಸಾಮಾನು. ಗುಳ್ಳೆ ಪ್ಲಾಸ್ಟಿಕ್ ಬಂದರೆ ಎತ್ತಿಡಿ, ಊರಿನಲ್ಲಿ ಉಪ್ಪಿನಕಾಯಿ ಬಾಟಲಿ ಪಾರ್ಸೆಲ್ ಮಾಡುವವರು ಯಾರಾದರೂ ಕೇಳಿಕೊಂಡು ಬರುತ್ತಾರೆ.